ಬ್ರೇಕಕ್ಕನ ಹಿಂದೆ

ಸಿಗ್ನಲ್ಲಿನಲ್ಲಿ ಕಾರು ಮತ್ತೆ ನಿಂತುಹೋಯಿತು.

ಹಸಿರು ದೀಪ ಹತ್ತಿ, ಮುಂದಿದ್ದ ಶವವಾಹನ ಆಗಲೇ ತಿರುವು ತೆಗೆದುಕೊಳ್ಳುತ್ತಿತ್ತು. ಅಪ್ಪ ಕ್ಲಚ್ಚಿನ ಮೇಲಿನ ಕಾಲನ್ನು ಬೇಗ ಎತ್ತಿಬಿಟ್ಟಿದ್ದರು. ನೆತ್ತಿಯ ಮೇಲೆ ಎಲ್ ಬೋರ್ಡು ಹೊತ್ತ ಪುಟ್ಟ ಬಿಳಿ ಕಾರು ಒಮ್ಮೆ ಬಿಕ್ಕಳಿಸಿ, ಮುಂದಕ್ಕೆ ಮುಗ್ಗರಿಸಿ, ಸುಮ್ಮನಾಯಿತು. ಹಿಂದೆ ಕೂತಿದ್ದ ಅಪ್ಪನ ಅಕ್ಕ ಎದುರಿನ ಸೀಟಿಗೆ ಹಣೆ ಬಡಿಸಿಕೊಂಡರು.

"ನಡ್ಕೊಂಡೇ ಬರ್ತೀನಿ ಅಂತ ಬಡ್ಕೊಂಡೆ, ಕೇಳಿದ್ರಾ?" ಎಂದು ಹಣೆ ತಿಕ್ಕಿಕೊಂಡರು. "ಒಬ್ಬಳನ್ನ ಕಳಿಸಿ ಬರೋಕೆ ಹೊರಟವರು. ಇವನು ಎಲ್ಲರನ್ನೂ ಅವಳ ಜೊತೆಗೇ ಕಳಿಸೋ ಹಾಗಿದ್ದಾನೆ."

"ಸುಮ್ನಿರಿ ಅತ್ತೆ," ಎಂದಳು ಮಗಳು.

ಅಪ್ಪ ಯಾರ ಮಾತಿಗೂ ಕಿವಿಗೊಡಲಿಲ್ಲ. ಗೇರನ್ನು ಅಲುಗಾಡಿಸಿ ನೋಡಿದರು. ಕೀಲಿ ತಿರುಗಿಸಿದರು. ಕನ್ನಡಿಯಲ್ಲಿ ಹಿಂದೆ ನೋಡಿದರು. ಹಿಂದೆ ಕಣ್ಣು ಹಾಯುವಷ್ಟು ದೂರ ಕಾರುಗಳೇ ಇದ್ದವು; ನಡುನಡುವೆ ಒಂದು ಬ್ರೆಡ್ಡಿನ ವ್ಯಾನು, ಒಂದು ಶಾಲೆಯ ಬಸ್ಸು. ಎಲ್ಲವೂ ಒಂದರಿಂದ ಒಂದು ಸಮನಾದ ದೂರದಲ್ಲಿ ನಿಂತಿದ್ದವು. ಅಪ್ಪ ಉಸಿರು ಬಿಗಿಹಿಡಿದು ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟರು. ಕಾರು ಹೊರಟಿತು.

ಮಗಳು ಕೂತಿದ್ದ ಸೀಟಿನ ಕೆಳಗೂ ಕ್ಲಚ್ಚು, ಬ್ರೇಕುಗಳಿದ್ದವು. ಅದು ಊರ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದ ಅಮ್ಮನ ಜಾಗ. ಪಕ್ಕದಲ್ಲಿ ಕೂತು ಕಲಿಸುವವರಿಗೆಂದು ಹಾಕಿಸಿದ ಪೆಡಲುಗಳು ಅವು. ಮಗಳು ಪಾದಗಳನ್ನು ಸೀಟಿನಡಿಗೆ ಎಳೆದುಕೊಂಡಳು. ಬೆಳಿಗ್ಗೆ ಅಮ್ಮನನ್ನು ಒಯ್ಯಲು ಶವವಾಹನ ಬಂದಾಗ, ತಾನೇ ಕಾರು ಓಡಿಸಬೇಕಾಗುತ್ತದೆ ಎಂದುಕೊಂಡು ಗೋಡೆಯ ಮೊಳೆಯತ್ತ ಕೈ ಚಾಚಿದ್ದಳು. ಕೀಲಿ ಅಲ್ಲಿರಲಿಲ್ಲ. ಹೊರಗೆ ಬಂದರೆ, ಜೀವಮಾನದಲ್ಲಿ ಸೈಕಲ್ಲನ್ನೂ ತುಳಿಯದ ಅಪ್ಪ ಸ್ಟೀರಿಂಗಿನ ಮುಂದೆ ಕೂತು, ಸೀಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

"ನಿಮಗೆ ಡ್ರೈವಿಂಗ್ ಯಾವಾಗ ಬಂತು?" ಅವಳು ಈಗ ಕೇಳಿದಳು.

"ಬಂದಿಲ್ಲ," ಎಂದರು ಅಪ್ಪ. ಕಣ್ಣು ರಸ್ತೆಯ ಮೇಲೇ ಇತ್ತು. "ಕಲೀತಾ ಇದ್ದೀನಿ."

*

ಸ್ಮಶಾನದಲ್ಲಿ ಇನ್ನೂ ಗುಂಡಿ ತೋಡಿ ಮುಗಿದಿರಲಿಲ್ಲ. ಅಡಿಯಲ್ಲಿ ಕಲ್ಲು ಸಿಕ್ಕಿತ್ತು. ಹಾರೆಯ ಸದ್ದು ಟಣ್ ಟಣ್ ಎಂದು ಕೇಳುತ್ತಿತ್ತು. ಬಂದವರು ಶವಪೆಟ್ಟಿಗೆಯನ್ನು ಮರದ ನೆರಳಿನಲ್ಲಿಟ್ಟು, ಸುತ್ತ ಗುಂಪುಗುಂಪಾಗಿ ನಿಂತರು. ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಎಲ್ಲರ ಕೈಯಲ್ಲೂ ಕಾರಿನ ಕೀಲಿ. ಒಬ್ಬರಿಗೊಬ್ಬರು ಪರಿಚಯವಿಲ್ಲದಿದ್ದರೂ ಮಾತು ತಾನಾಗಿ ಶುರುವಾಯಿತು.

"ನೀವು ಯಾವಾಗ ಕಲಿತದ್ದು?"

"ನನ್ನ ಎರಡನೇ ಮಗು ಹುಟ್ಟಿದ ವರ್ಷ. ನೀವು?"

"ನಾನು ನಿವೃತ್ತಿ ಆದ ಮೇಲೆ ಕಣ್ರೀ. ಮನೇಲಿ ಎಲ್ಲ ನಕ್ರು. ಕಲಿಸಿದ ಅಕ್ಕ ಮಾತ್ರ ನಗಲಿಲ್ಲ. 'ಕಾಲು ಎಟುಕುತ್ತಾ? ಎಟುಕಿದ್ರೆ ಸಾಕು' ಅಂದ್ರು. ಎದುರಿನವರಿಗೆ ಮೊದಲು ದಾರಿ ಬಿಡಿ ಅನ್ನೋದೇ ಅವರ ಮೊದಲ ಪಾಠ ನೋಡಿ."

ಬ್ರೆಡ್ಡಿನ ವ್ಯಾನಿನವಳು ಕಣ್ಣೊರೆಸಿಕೊಂಡು ಹೇಳಿದಳು: "ಅವರು ಬ್ರೇಕ್ ಒತ್ತಿದ್ದು ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಎಷ್ಟೋ ತಿಂಗಳು ಕಾರು ನಾನೇ ನಿಲ್ಲಿಸ್ತಿದ್ದೀನಿ ಅನ್ಕೊಂಡಿದ್ದೆ. ಲೈಸೆನ್ಸ್ ಬಂದ ಮೇಲೆ ಒಬ್ಬಳೇ ಹೊರಟೆ ನೋಡಿ, ಆವಾಗ ಗೊತ್ತಾಯ್ತು, ನನ್ನ ಕಾಲಿಗೆ ಅಷ್ಟು ಬುದ್ಧಿ ಇಲ್ಲ ಅಂತ."

ಎಲ್ಲರೂ ನಕ್ಕು, ನಕ್ಕಿದ್ದಕ್ಕೆ ನಾಚಿ ಪೆಟ್ಟಿಗೆಯತ್ತ ನೋಡಿದರು. ಅಮ್ಮನಿಗೆ ಬ್ರೇಕಕ್ಕ ಎಂಬ ಹೆಸರು ಹುಟ್ಟಿದ್ದೇ ಹೀಗೆ. ಯಾರು ಇಟ್ಟರೋ ಯಾರಿಗೂ ತಿಳಿಯದು. ಮನೆಯ ಬಾಗಿಲಿಗೆ ಬರುವ ಹಾಲಿನವನೂ ಹಾಗೇ ಕರೆಯುತ್ತಿದ್ದ.

ಸಂಗೀತದ ಟೀಚರು ಮಾತ್ರ ನಗಲಿಲ್ಲ. ದಪ್ಪ ಮೈಯ, ಮೆಲುದನಿಯ ಹೆಂಗಸು. ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವರು. ಅವರು ಮಗಳ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಅಮ್ಮನ ಕೊನೇ ಶಿಷ್ಯೆ ನಾನೇ ಅಲ್ವಾ? ಆ ದಿನ ಕಾರಿನಲ್ಲಿದ್ದವಳು."

"ಗೊತ್ತು. ಅಮ್ಮ ಹೇಳಿದ್ಲು."

"ಅವರು ಏನು ಹೇಳಿದ್ರೋ. ತಮಾಷೆ ಮಾಡಿಯೇ ಹೇಳಿರ್ತಾರೆ."

ಅಮ್ಮ ತಮಾಷೆ ಮಾಡಿಯೇ ಹೇಳಿದ್ದಳು. ಸಂಗೀತದ ಟೀಚರು ಈಗ ಸುತ್ತಲಿನವರಿಗೂ ಕೇಳುವಂತೆ, ನಡೆದದ್ದನ್ನು ನಡೆದ ಹಾಗೆ ಹೇಳಿದರು.

"ಆಸ್ಪತ್ರೆ ರಸ್ತೆಯ ಆಚೆ, ಏರು ಇದೆಯಲ್ಲ, ಅಲ್ಲಿದ್ವಿ. ಇದ್ದಕ್ಕಿದ್ದ ಹಾಗೆ ಅಕ್ಕ ಸೀಟಿನಲ್ಲೇ ಎಗರಿಬಿದ್ರು, ಯಾರೋ ಒದ್ದ ಹಾಗೆ. ನಾನೇ ಎಲ್ಲಿಗೋ ಗುದ್ದಿಸಿದೆ ಅಂತ ಕಿರುಚಿದೆ. 'ನೀವೇನೂ ಮಾಡಿಲ್ಲ. ನನ್ನ ಎದೆಯಲ್ಲಿ ಒಂದು ಪೆಟ್ಟಿಗೆ ಇದೆ, ಅದು ಒದೀತು' ಅಂದ್ರು. ಅಷ್ಟರಲ್ಲಿ ಇನ್ನೊಂದು ಸಲ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನಿಲ್ಲಿಸ್ಲಾ ಅಂದೆ. 'ಬೇಡ. ಕಾರು ತಿರುಗಿಸಿ, ಆಸ್ಪತ್ರೆಗೆ ಹೋಗಿ. ಇವತ್ತು ನಾಲ್ಕನೇ ಗೇರು ಕಲೀತೀರಿ' ಅಂದ್ರು. ನಾನು ಅಲ್ಲಿಯವರೆಗೆ ಎರಡನೇ ಗೇರು ದಾಟಿದವಳೇ ಅಲ್ಲ. ದಾರಿಯುದ್ದಕ್ಕೂ ಅದು ಒದೀತಾನೇ ಇತ್ತು. ಪ್ರತಿ ಸಲ ಒದ್ದಾಗ್ಲೂ ಅವರ ಕಾಲು ಬ್ರೇಕಿನಿಂದ ದೂರ ಸರೀತಿತ್ತು. ನೋವಿಗೆ ಎಲ್ಲಿ ಒತ್ತಿಬಿಡ್ತೀನೋ ಅಂತ, ತಾವೇ ಕಾಲು ಹಿಂದಕ್ಕೆ ಎಳ್ಕೊಂಡ್ರು."

ಯಾರೋ ನೀರಿನ ಬಾಟಲಿ ಕೊಟ್ಟರು.

*

ಬಹಳ ವರ್ಷಗಳ ಹಿಂದೆ ಅಮ್ಮನಿಗೆ ಒಂದು ಜ್ವರ ಬಂದಿತ್ತು. ಎಲ್ಲರಿಗೂ ಬರುವಂಥ ಜ್ವರವೇ. ಆದರೆ ಅದು ಹೋಗುವಾಗ ಹೃದಯದ ಗೋಡೆಯಲ್ಲಿ ಒಂದು ಕಲೆ ಉಳಿಸಿ ಹೋಯಿತು. ಕಾಲ ಕಳೆದಂತೆ ಆ ಕಲೆಯ ಸುತ್ತ, ಹೃದಯವನ್ನು ಬಡಿಸುವ ವಿದ್ಯುತ್ತಿನ ಮಿಂಚು ದಾರಿ ತಪ್ಪಿ, ಒಂದೇ ವೃತ್ತದಲ್ಲಿ ಸುತ್ತತೊಡಗಿತು. ಸುತ್ತು ಶುರುವಾದರೆ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತದೆ, ಮೈಗೆ ರಕ್ತ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಕೊರಳೆಲುಬಿನ ಕೆಳಗೆ ಒಂದು ಚಿಕ್ಕ ಪೆಟ್ಟಿಗೆ ಇಟ್ಟರು. ಹೃದಯ ಹಾದಿ ತಪ್ಪಿದಾಗ ಆ ಪೆಟ್ಟಿಗೆ ಒಳಗಿನಿಂದಲೇ ಶಾಕ್ ಕೊಟ್ಟು ಅದನ್ನು ಸರಿದಾರಿಗೆ ತರಬೇಕು.

ಮೊದಲ ಕೆಲವು ವರ್ಷ ಅದು ಒಂದೆರಡು ಸಲ ಒದ್ದಿರಬಹುದು. ಸಂಗೀತದ ಟೀಚರ ಕಾರಿನಲ್ಲಿ ಒದ್ದದ್ದು ಮಾತ್ರ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ತಹಬಂದಿಗೆ ತಂದು ಮನೆಗೆ ಕಳಿಸಿದರು. ಕಾರು ಮುಟ್ಟಬಾರದೆಂದರು. ಆಮೇಲೆ ಅಮ್ಮ ಬೇರೆಯೇ ಹೆಂಗಸಾದಳು. ಮೆಟ್ಟಿಲು ಹತ್ತಲು ಹೆದರಿಕೆ. ಜೋರಾಗಿ ನಗಲು ಹೆದರಿಕೆ. ಮಲಗಲು ಹೆದರಿಕೆ. ಸ್ನಾನಕ್ಕೆ ಹೋದರೆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಊರಿಗೆಲ್ಲ ಧೈರ್ಯ ಹಂಚಿದವಳು ತನ್ನ ಎದೆಗೆ ತಾನೇ ಹೆದರಿ, ಅದರ ಮೇಲೊಂದು ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಒದೆ ಮತ್ತೆ ಶುರುವಾದಾಗ ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರು ಮೂವರನ್ನೂ ಎದುರಿಗೆ ಕೂರಿಸಿಕೊಂಡರು.

"ಆ ಕಲೆಯ ಒಳಗಿರುವ ಕೆಟ್ಟ ದಾರಿಯನ್ನ ಸುಟ್ಟುಹಾಕಬಹುದು," ಎಂದರು. "ತೆಳು ತಂತಿಯೊಂದನ್ನ ತೊಡೆಯಿಂದ ಹೃದಯದವರೆಗೆ ಕಳಿಸ್ತೀವಿ. ಆದರೆ ದಾರಿ ಹುಡುಕಬೇಕಾದರೆ ಹೃದಯದ ಆ ಹುಚ್ಚು ಓಟವನ್ನ ನಾವೇ ಎಬ್ಬಿಸಬೇಕು. ಓಡ್ತಿರುವಾಗಲೇ ಅದು ಸಿಕ್ಕಿಬೀಳೋದು. ಅಷ್ಟು ಹೊತ್ತು ಇವರ ಹೃದಯ ತಡ್ಕೊಳಲ್ಲ. ಬಿಪಿ ಕುಸಿದುಹೋಗುತ್ತೆ. ಅದಕ್ಕೆ ಹೃದಯದ ಕೆಲಸವನ್ನ ಹೊರಗಿನಿಂದ ಒಂದು ಮೆಷಿನ್ ಮಾಡುತ್ತೆ. ಒಂದು ಕೊಳವೆಯಲ್ಲಿ ರಕ್ತ ಹೊರಗೆ ಬಂದು, ಆಮ್ಲಜನಕ ಸೇರಿ, ಇನ್ನೊಂದರಲ್ಲಿ ಒಳಗೆ ಹೋಗುತ್ತೆ."

"ಅಂದರೆ ನಿಮ್ಮ ಹತ್ತಿರಾನೂ ಪಕ್ಕದ ಸೀಟಿನ ಪೆಡಲ್ ಇದೆ ಅನ್ನಿ," ಎಂದಳು ಅಮ್ಮ. ಬಹಳ ದಿನಗಳ ಮೇಲೆ ಅವಳ ಬಾಯಿಂದ ತಮಾಷೆ ಬಂದಿತ್ತು.

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ. "ಆಮೇಲೆ ಆ ಮೆಷಿನ್ ತೆಗೆದಾಗ ಹೃದಯ ಕೆಲಸ ಮಾಡದೇ ಹೋದ್ರೆ?" ಎಂದು ಕೇಳಿದರು.

ಡಾಕ್ಟರು ಮರೆಮಾಚಲಿಲ್ಲ. "ಹಾಗಾಗುವ ಸಾಧ್ಯತೆ ಇದೆ. ಇವರ ಹೃದಯ ಮೊದಲೇ ಬಲಹೀನ."

"ಹಾಗಾದ್ರೆ ಬೇಡ."

"ರೀ," ಎಂದಳು ಅಮ್ಮ.

"ಬೇಡ ಅಂದ್ರೆ ಬೇಡ. ಇರೋಷ್ಟು ದಿನ ಮನೇಲಿ ಇರು. ನಾನು ನೋಡ್ಕೋತೀನಿ."

"ನೀವು ನೋಡ್ಕೋತೀರಿ. ಒದೆ ತಿನ್ನೋಳು ನಾನು."

ಅಪ್ಪ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಬೆನ್ನು ಮುರಿದ, ಪುಟ ಕಳಚಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಅಂಟು ಹಾಕಿ, ಭಾರದ ಕೆಳಗಿಟ್ಟು ಕಾಯುವುದು ಅವರ ಕೆಲಸ. ಅಮ್ಮ ಅವರನ್ನು ಮೊದಲು ಕಂಡದ್ದೂ ಅಲ್ಲೇ. ಗ್ರಂಥಾಲಯದ ಪುಸ್ತಕವೊಂದನ್ನು ಬಿಸಿಲಿನಲ್ಲಿ ಕಾರಿನೊಳಗೆ ಮರೆತು, ಅಂಟು ಕರಗಿ ಪುಟವೆಲ್ಲ ಉದುರಿ, ಬೈಸಿಕೊಳ್ಳಲು ಬಂದಿದ್ದಳು. ಆತುರದ ಕೆಲಸವೆಂದರೆ ಅವರಿಗೆ ಆಗದು. ತೀರಾ ಶಿಥಿಲವಾದ ಪುಸ್ತಕವನ್ನು ಬಿಚ್ಚಲು ಹೋಗಬಾರದು, ಬಟ್ಟೆಯಲ್ಲಿ ಸುತ್ತಿ ಇಡಬೇಕು ಎಂಬುದು ಅವರ ನಂಬಿಕೆ.

ಅಂದು ಆಸ್ಪತ್ರೆಯ ಓಣಿಯಲ್ಲಿ ತಂದೆ ಮಗಳ ನಡುವೆ ಮಾತು ಬೆಳೆಯಿತು.

"ಅವಳಿಗೆ ಬದುಕಬೇಕು ಅಂತಿದೆ ಅಪ್ಪ. ನೀನು ಅವಳ ಎದುರಿಗೆ ಹೀಗೆ ಮುಖ ಮಾಡ್ಕೊಂಡು ನಿಂತು ಹೆದರಿಸೋದಾದ್ರೆ, ಬರಲೇ ಬೇಡ."

"ಬರಲ್ಲ. ಅವಳನ್ನ ಕಳಿಸ್ತಾ ಇರೋದು ನೀನು. ಹೆಚ್ಚುಕಮ್ಮಿ ಆದ್ರೆ ನನ್ನ ಕರೀಬೇಡ. ನಾನು ಈ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ."

ಅಪ್ಪ ಹೊರಟುಹೋದರು. ಅಮ್ಮನನ್ನು ಒಳಗೆ ಕರೆದೊಯ್ಯುವ ದಿನವೂ ಬರಲಿಲ್ಲ. ಅಮ್ಮ ಗಾಲಿಮಂಚದ ಮೇಲೆ ಮಲಗಿ, ತಲೆ ಎತ್ತಿ ಎತ್ತಿ ಬಾಗಿಲ ಕಡೆ ನೋಡಿದ್ದನ್ನು ಮಗಳು ಕಂಡಳು. ಅಂದಿನಿಂದ ಅವಳು ಅಪ್ಪನನ್ನು 'ನೀನು' ಎನ್ನುವುದನ್ನು ಬಿಟ್ಟಳು. ಊರವರನ್ನು ಮಾತಾಡಿಸುವ ಹಾಗೆ 'ನೀವು' ಎಂದಳು.

*

"ನೀವು ಬ್ರೇಕಕ್ಕನ ಮಗಳಲ್ವಾ?"

ಗುಂಡಿಯ ಅಂಚಿನಲ್ಲಿ ನಿಂತಿದ್ದ ಮಗಳು ತಿರುಗಿದಳು. ಅವಳದೇ ವಯಸ್ಸಿನ ಹೆಂಗಸು. ಕೈಯಲ್ಲಿ ಬಿಳಿ ಹೂವಿನ ಚಿಕ್ಕ ಕಟ್ಟು. ಮುಖದ ಗುರುತು ಹತ್ತಲಿಲ್ಲ, ದನಿ ಮಾತ್ರ ಎಲ್ಲೋ ಕೇಳಿದ್ದು.

"ಅಲ್ಲಿ ಮಾಸ್ಕ್ ಹಾಕ್ಕೊಂಡಿರ್ತಿದ್ದೆ, ಗೊತ್ತಾಗಲ್ಲ," ಎಂದಳು ಅವಳು. "ಐಸಿಯುನಲ್ಲಿ ಮೆಷಿನ್ ನೋಡ್ಕೊಳ್ತಿದ್ದವಳು."

ಮಗಳಿಗೆ ಎಲ್ಲವೂ ಒಮ್ಮೆಗೇ ನೆನಪಾಯಿತು. ಸುಡುವ ಕೆಲಸ ಚೆನ್ನಾಗಿಯೇ ಮುಗಿದಿತ್ತು. ಕೆಟ್ಟ ದಾರಿಗಳೆಲ್ಲ ಮುಚ್ಚಿದವು ಎಂದು ಡಾಕ್ಟರು ಹೊರಬಂದು ಹೇಳಿದ್ದರು. ಆದರೆ ದಣಿದ ಹೃದಯ ತನ್ನ ಕೆಲಸವನ್ನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಕೆಲವು ದಿನ ಮೆಷಿನ್ನಿನ ಮೇಲೇ ಇರಲಿ, ವಿಶ್ರಾಂತಿ ಸಿಗಲಿ ಎಂದರು. ಕೆಲಸ ಮುಗಿಸಿ ಸಂಜೆ ಹೋದಾಗಲೆಲ್ಲ ಮಗಳು ಕಂಡದ್ದು, ಕಣ್ಣು ಮುಚ್ಚಿ ಮಲಗಿದ ಅಮ್ಮ, ಹಾಸಿಗೆಯ ಪಕ್ಕದಲ್ಲಿ ಗುಂಯ್‌ಗುಡುವ ಮೆಷಿನ್ನು, ಅದರ ಬಳಿ ಎತ್ತರದ ಸ್ಟೂಲಿನ ಮೇಲೆ ಈ ಹೆಂಗಸು.

"ನೀವು ಬಂದದ್ದು ತುಂಬ ದೊಡ್ಡದು," ಎಂದಳು ಮಗಳು.

"ಅಮ್ಮ ವಾರ್ಡಿಗೆ ಹೋದ ಮೇಲೆ ನನ್ನ ಕರೆಸಿದ್ರು. 'ನೀನು ನನ್ನ ಹೃದಯ ಓಡಿಸಿದೆ, ನಾನು ನಿಂಗೆ ಕಾರು ಓಡಿಸೋದು ಕಲಿಸ್ತೀನಿ' ಅಂದಿದ್ರು. ನಂಗೆ ರಜೆ ಇದ್ದಾಗ ಅವರಿಗೆ ಸುಸ್ತು, ಅವರು ಕರೆದಾಗ ನಂಗೆ ಡ್ಯೂಟಿ. ಕೊನೆಗೂ ಆಗ್ಲಿಲ್ಲ. ಬಸ್ಸಿನಲ್ಲೇ ಬಂದೆ ನೋಡಿ." ಅವಳು ದೂರದಲ್ಲಿ ಒಬ್ಬರೇ ನಿಂತಿದ್ದ ಅಪ್ಪನತ್ತ ನೋಡಿದಳು. "ಅಂಕಲ್ ತುಂಬ ಇಳಿದುಹೋಗಿದ್ದಾರೆ. ಆಗ ದಿನಾ ಮಧ್ಯಾಹ್ನ ಬರ್ತಿದ್ದಾಗ ಇಷ್ಟು ಸೊರಗಿರಲಿಲ್ಲ."

"ಯಾರು?"

"ನಿಮ್ಮ ತಂದೆ."

"ನಮ್ಮಪ್ಪ ಬಂದಿರಲಿಲ್ಲ. ಅಮ್ಮ ವಾರ್ಡಿಗೆ ಬಂದ ಮೇಲೇ ಅವರು ಬಂದದ್ದು."

ಆ ಹೆಂಗಸು ತುಟಿ ಕಚ್ಚಿಕೊಂಡಳು. "ಹೇಳ್ಬಾರದಿತ್ತೇನೋ. ಮಗಳಿಗೆ ಹೇಳ್ಬೇಡ ಅಂದಿದ್ರು. ಇಷ್ಟು ದಿನದಲ್ಲಿ ಅವರೇ ಹೇಳಿರ್ತಾರೆ ಅನ್ಕೊಂಡೆ."

"ಹೇಳಿ," ಎಂದಳು ಮಗಳು.

"ಮೊದಲ ದಿನ ಬಾಗಿಲ ಹತ್ರಾನೇ ನಿಂತಿದ್ರು. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ. 'ಇದು ನಿಂತ್ರೆ?' ಅಂತ ಮೆಷಿನ್ ತೋರಿಸಿ ಕೇಳಿದ್ರು. ನಿಲ್ಲಲ್ಲ ಅಂಕಲ್, ಕರೆಂಟ್ ಹೋದ್ರೆ ಬ್ಯಾಟರಿ ಇದೆ, ಬ್ಯಾಟರಿನೂ ಹೋದ್ರೆ ಕೈಯಲ್ಲಿ ತಿರುಗಿಸೋ ಹಿಡಿ ಇದೆ, ನಾನೇ ತಿರುಗಿಸ್ತೀನಿ ಅಂದೆ. 'ನೀನು ಊಟಕ್ಕೆ ಹೋದ್ರೆ?' ಅಂದ್ರು."

ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅದು ಅಪ್ಪನೇ. ಬೇರೆ ಯಾರೂ ಆ ಪ್ರಶ್ನೆ ಕೇಳಲಾರರು.

"ಆಮೇಲೆ ಹತ್ತಿರ ಬಂದ್ರು. ಕೈ ಹಿಡ್ಕೊಳ್ಳಿ ಅಂದೆ. ಅಮ್ಮನ ಕೈ ಊದಿತ್ತು, ಎಲ್ಲೆಲ್ಲೂ ಸೂಜಿ, ಪ್ಲಾಸ್ಟರು. ಮುಟ್ಟಿ, ಬಿಸಿ ಪಾತ್ರೆ ಮುಟ್ಟಿದ ಹಾಗೆ ಕೈ ಹಿಂದೆ ತಗೊಂಡ್ರು. 'ತಣ್ಣಗಿದ್ದಾಳೆ' ಅಂದ್ರು. ಮುಖ ನೋಡೋಕಾಗ್ಲಿಲ್ಲ ನಂಗೆ. ಅವರ ಕೈ ಹಿಡಿದು ಕೊಳವೆ ಮೇಲೆ ಇಟ್ಟೆ. ಒಳಗೆ ಹೋಗೋ ಕೊಳವೆ, ಕೆಂಪಗಿರುತ್ತಲ್ಲ, ಅದರ ಮೇಲೆ. ಒತ್ತಬೇಡಿ, ಸುಮ್ನೆ ಕೈ ಇಡಿ ಅಂದೆ. ಅದು ಬೆಚ್ಚಗಿರುತ್ತೆ. 'ಇದು ಅವಳೇನಾ?' ಅಂತ ಕೇಳಿದ್ರು. ಹೌದು ಅಂಕಲ್, ಅವರೇ ಅಂದೆ."

ಹಾರೆಯ ಸದ್ದು ನಿಂತಿತ್ತು. ಗುಂಡಿಯೊಳಗಿನಿಂದ ಇಬ್ಬರು ಸೇರಿ ಒಂದು ಕಲ್ಲನ್ನು ಮೇಲಕ್ಕೆ ಉರುಳಿಸಿದರು.

"ಅಲ್ಲಿಂದ ದಿನಾ ಬಂದು ಕೂರೋರು. ಕೊಳವೆ ಮೇಲೆ ಕೈ ಇಟ್ಕೊಂಡು ಏನೇನೋ ಮಾತು. ಲೈಬ್ರರಿಯಲ್ಲಿ ಇಲಿ ಸೇರ್ಕೊಂಡಿದ್ದು, ಹೊಸ ಅಂಟು ಸರಿ ಇಲ್ಲದೇ ಇದ್ದದ್ದು, ನಿಮ್ಮ ಮುನಿಸು. ನೀವು ಬರೋ ಹೊತ್ತಿಗೆ ಎದ್ದು ಹೋಗೋರು. ಮೆಷಿನ್ನಿಂದ ಇಳಿಸಿದ ದಿನ, ಸ್ಪೀಡ್ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ, ಹೃದಯ ತಾನಾಗಿ ಹಿಡ್ಕೊಳ್ಳುತ್ತಾ ಅಂತ ನಾವೆಲ್ಲ ಉಸಿರು ಹಿಡಿದು ನೋಡ್ತಿದ್ವಲ್ಲ, ಆವತ್ತು ನೀವು ಒಳಗಿದ್ರಿ. ಅವರು ಮೆಟ್ಟಿಲ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ರು. ನಾನು ಹೊರಗೆ ಓಡಿಹೋಗಿ, 'ಅಂಕಲ್, ಹಿಡ್ಕೊಂಡ್ರು' ಅಂದೆ. ನನ್ನ ತಲೆ ಮೇಲೆ ಕೈ ಇಟ್ಟು, ಹಾಗೇ ಇಳಿದು ಹೋಗಿಬಿಟ್ರು."

*

ಮಣ್ಣು ಮಾಡುವಾಗ ಅಪ್ಪ ಅಳಲಿಲ್ಲ. ಮೊದಲ ಹಿಡಿ ಮಣ್ಣನ್ನು ಬೆರಳಿನಲ್ಲಿ ಪುಡಿಮಾಡಿ, ಕಲ್ಲಿದ್ದರೆ ಆರಿಸಿ ತೆಗೆದು, ನಯವಾದದ್ದನ್ನು ಮಾತ್ರ ಹಾಕಿದರು. ಅತ್ತೆ ದೊಡ್ಡ ದನಿಯಲ್ಲಿ ಅತ್ತರು. ಬದುಕಿದ್ದಾಗ ತಮ್ಮನ ಹೆಂಡತಿಯ ಜೊತೆ ಜಗಳವಾಡದ ದಿನವಿರಲಿಲ್ಲ. ಈಗ ಯಾರ ಜೊತೆ ಆಡಲಿ ಎಂದು ಅಳುತ್ತಿದ್ದರು.

ಜನ ಕರಗಿದರು. ಅಪ್ಪ ಹೋಗಿ ಕಾರಿನ ಬಾನೆಟ್ಟಿಗೆ ಒರಗಿ ನಿಂತರು. ಮಗಳು ಪಕ್ಕದಲ್ಲಿ ಬಂದು ನಿಂತಳು.

"ನೀನ್ಯಾಕೆ ನನಗೆ ಹೇಳ್ಲಿಲ್ಲ?" ಎಂದಳು ಮಗಳು.

ಅಪ್ಪ ತಟ್ಟನೆ ತಲೆ ಎತ್ತಿದರು. ಏನನ್ನು ಎಂದು ಕೇಳಲಿಲ್ಲ. ಆ ಮೆಷಿನ್ನಿನ ಹೆಂಗಸು ದೂರದಲ್ಲಿ ನಿಂತಿರುವುದನ್ನು ನೋಡಿದರು.

"ಹತ್ತಲ್ಲ ಅಂತ ಹೇಳಿದ್ದೆನಲ್ಲ, ಮೆಟ್ಟಿಲು."

"ಅದಕ್ಕೆ?"

"ಅದಕ್ಕೇ," ಎಂದರು. ಆಮೇಲೆ, "ನೀನು ಹೇಳಿದ್ದೇ ಸರಿ ಇತ್ತು. ಕಳಿಸದೇ ಇದ್ದಿದ್ರೆ ಈ ಬೇಸಿಗೆ ಅವಳು ನೋಡ್ತಿರ್ಲಿಲ್ಲ. ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ. ಅವಳು ದಿನಾ ಹೇಳೋಳು, 'ಮಗಳ ಹತ್ರ ಮಾತಾಡಿ, ನಿಮ್ಮ ಪರವಾಗಿ ನಾನು ಮಾತಾಡಲ್ಲ' ಅಂತ. ನಾಳೆ, ನಾಳೆ ಅಂದೆ."

ಮಗಳು ಅಪ್ಪನ ತೋಳಿಗೆ ತಲೆ ಆನಿಸಿದಳು. ಅಂಗಿಯಲ್ಲಿ ಅಂಟಿನ ಹುಳಿವಾಸನೆ ಇತ್ತು.

"ಡ್ರೈವಿಂಗ್ ಅವಳೇ ಕಲಿಸಿದ್ದಾ?"

"ಇನ್ಯಾರು ಕಲಿಸ್ತಾರೆ, ನನ್ನಂಥ ದಡ್ಡನಿಗೆ?"

*

ಅಮ್ಮ ಮನೆಗೆ ಬಂದ ಮೇಲೆ ಪೆಟ್ಟಿಗೆ ಒಂದು ಸಲವೂ ಒದೆಯಲಿಲ್ಲ. ಹೃದಯ ಬಲಹೀನವೇ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಆದರೆ ಹೆದರಿಕೆ ಹೋಗಿತ್ತು. ಬಾಗಿಲಿಗೆ ಚಿಲಕ ಹಾಕಿಕೊಂಡು ಸ್ನಾನ ಮಾಡಿದಳು, ಒಳಗೆ ಹಾಡು ಬೇರೆ. ಒಂದು ಭಾನುವಾರ ಬೆಳಿಗ್ಗೆ, "ರೀ, ಕಾರಿನ ಕೀಲಿ ತಗೊಳ್ಳಿ," ಎಂದಳು.

"ನೀನು ಓಡಿಸಬಾರದು."

"ನಾನಲ್ಲ. ನೀವು."

ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಬಯಲಿಗೆ ಯಾರೋ ಶಿಷ್ಯೆ ಅವರಿಬ್ಬರನ್ನೂ ಅದೇ ಕಾರಿನಲ್ಲಿ ಕರೆದೊಯ್ದಳು. ಊರಿನ ಯಾವ ಹೆಂಗಸಿನ ಮೇಲೂ ದನಿ ಎತ್ತದ ಅಮ್ಮ ಅಲ್ಲಿ ಗಂಡನ ಮೇಲೆ ಏದುಸಿರು ಬಿಡುತ್ತಲೇ ರೇಗಿದಳು. "ಸ್ಟೀರಿಂಗ್ ಹಿಡಿಯೋದು ಹಾಗಲ್ಲ ರೀ, ಅದೇನು ಹಸಿ ಅಂಟಾ? ಕೈಗೆ ಮೆತ್ತಲ್ಲ, ಗಟ್ಟಿ ಹಿಡೀರಿ!" ಅಪ್ಪ ಬೆವರಿದರು. ಇದೆಲ್ಲ ಈ ವಯಸ್ಸಿನಲ್ಲಿ ಯಾಕೆ ಎಂದು ಗೊಣಗಿದರು.

ಅಮ್ಮ ಹೇಳಿದಳು: "ನಂಗೆ ಒಂದು ಸಲ ಪಕ್ಕದ ಸೀಟಿನಲ್ಲಿ ಸುಮ್ನೆ ಕೂತು ಕಿಟಕಿ ಆಚೆ ನೋಡಬೇಕು ರೀ. ಇಷ್ಟು ವರ್ಷ ಈ ಊರಿನ ರಸ್ತೆಯೆಲ್ಲ ಸುತ್ತಿದ್ದೀನಿ. ರಸ್ತೆ ಬಿಟ್ಟು ಇನ್ನೇನನ್ನೂ ನೋಡಿಲ್ಲ."

ಅಪ್ಪ ಮತ್ತೆ ಗೊಣಗಲಿಲ್ಲ. ಮಗಳಿಗೆ ತಿಳಿಯದ ಹಾಗೆ ಭಾನುವಾರದ ಮೇಲೆ ಭಾನುವಾರ ಕಲಿತರು. ಚಳಿ ಕಳೆದು ಬಿಸಿಲು ಬಂತು. ಒಂದು ಬೆಳಿಗ್ಗೆ ಬಯಲಿನಿಂದ ಹೊರಬಂದು ದೊಡ್ಡ ರಸ್ತೆಗೆ ಕಾರು ಇಳಿಸಿದರು. ಕೆರೆಯ ಏರಿಯ ಮೇಲೆ ನಿಧಾನ ಹೋಗುವಾಗ ಪಕ್ಕದಲ್ಲಿ ಸದ್ದಿಲ್ಲ. ಏನಾಯಿತೋ ಎಂದು ಗಾಬರಿಯಿಂದ ಓರೆಗಣ್ಣಿನಲ್ಲಿ ನೋಡಿದರು. ಅಮ್ಮ ಚಪ್ಪಲಿ ಕಳಚಿ, ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಪೂರ್ತಿ ಕಿಟಕಿಯತ್ತ ತಿರುಗಿ ಕೂತಿದ್ದಳು. ಗಾಳಿಗೆ ಅವಳ ಕೂದಲು ಹಾರುತ್ತಿತ್ತು.

"ನೋಡ್ರೀ, ಇಲ್ಲೊಂದು ಮನೆ, ಕಿಟಕಿಗೆಲ್ಲ ನೀಲಿ ಬಣ್ಣ. ಇದು ಯಾವಾಗಿಂದ ಇದೆ?"

"ನಾನು ನೋಡೋ ಹಾಗಿಲ್ಲ," ಎಂದರು ಅಪ್ಪ. "ನಾನು ಓಡಿಸ್ತಾ ಇದ್ದೀನಿ."

ಅಮ್ಮ ಎಷ್ಟು ನಕ್ಕಳೆಂದರೆ, ಕೆಮ್ಮು ಬಂತು.

ಮೊನ್ನೆ ಬೆಳಿಗ್ಗೆ ಅದೇ ಹೃದಯ, ಯಾವ ಗದ್ದಲವನ್ನೂ ಮಾಡದೆ, ದಣಿದು ನಿಂತಿತು. ಅವಳು ಮುಂಬಾಗಿಲ ಕುರ್ಚಿಯಲ್ಲಿ ಬಿಸಿಲಿಗೆ ಕೂತಿದ್ದಳು. ಅಪ್ಪ ಒಳಗಿನಿಂದ ಚಹಾ ತರುವಷ್ಟರಲ್ಲಿ ಹೋಗಿದ್ದಳು.

*

"ಹತ್ತಿ, ಮನೆಗೆ ಹೋಗೋಣ," ಎಂದರು ಅಪ್ಪ. ಬಸ್ಸಿಗೆಂದು ಹೊರಟಿದ್ದ ಮೆಷಿನ್ನಿನ ಹೆಂಗಸನ್ನೂ ಕರೆದು ಅತ್ತೆಯ ಪಕ್ಕದಲ್ಲಿ ಕೂರಿಸಿದರು.

"ಬೆಲ್ಟ್ ಬಿಗಿಯಾಗಿ ಹಾಕ್ಕೋ ತಾಯಿ," ಎಂದರು ಅತ್ತೆ ಅವಳಿಗೆ. "ನೀನು ಹೇಗೂ ಆಸ್ಪತ್ರೆಯವಳು. ಪಕ್ಕದಲ್ಲಿದ್ರೆ ನಂಗೂ ಧೈರ್ಯ."

ಅಪ್ಪ ಕಾರು ಹೊರಡಿಸಿದರು. ಈ ಸಲ ಅದು ಬಿಕ್ಕಳಿಸಲಿಲ್ಲ. ಹಸಿ ಮಣ್ಣಿನ ದಿಬ್ಬವನ್ನು ಬಳಸಿಕೊಂಡು, ಮರಗಳ ನಡುವಿನ ದಾರಿಯಲ್ಲಿ ಗೇಟಿನ ಕಡೆ ಹೊರಟರು. ಗೇಟಿನ ಹತ್ತಿರ ಕಾರು ನಿಲ್ಲಿಸಬೇಕಾಯಿತು.

ಸ್ಮಶಾನದ ಬೇರೆಬೇರೆ ಮೂಲೆಗಳಿಂದ ಬರುವ ದಾರಿಗಳೆಲ್ಲ ಅಲ್ಲಿ ಕೂಡುತ್ತಿದ್ದವು. ಆಚೆಗೆ ಹೋಗಲು ಇದ್ದದ್ದು ಒಂದೇ ಗೇಟು. ಒಂದು ಕಡೆ ಸಂಗೀತದ ಟೀಚರ ಕಾರು ನಿಂತಿತ್ತು, ಎದುರಿಗೆ ಬ್ರೆಡ್ಡಿನ ವ್ಯಾನು, ಅದರ ಪಕ್ಕ ಶಾಲೆಯ ಬಸ್ಸು. ಅವುಗಳ ಹಿಂದೆ, ಎಲ್ಲ ದಾರಿಗಳಲ್ಲೂ, ಬೆಳಿಗ್ಗೆಯ ಅಷ್ಟೂ ಕಾರುಗಳು. ಗೇಟು ತೆರೆದೇ ಇತ್ತು. ರಸ್ತೆ ಖಾಲಿ ಇತ್ತು.

"ಏನಾಯ್ತು? ಯಾರಿಗೋ ಕೆಟ್ಟು ನಿಂತಿದೆಯಾ?" ಅತ್ತೆ ಕತ್ತು ಚಾಚಿ ನೋಡಿದರು.

ಯಾವುದೂ ಕೆಟ್ಟಿರಲಿಲ್ಲ. ಎಲ್ಲ ಇಂಜಿನ್ನುಗಳೂ ಮೆಲ್ಲಗೆ ಓಡುತ್ತಿದ್ದವು. ಸಂಗೀತದ ಟೀಚರು ಕಿಟಕಿಯಿಂದ ಕೈ ಹೊರಹಾಕಿ ವ್ಯಾನಿನವಳಿಗೆ ಹೋಗಿ ಎಂದು ಸನ್ನೆ ಮಾಡಿದರು. ವ್ಯಾನಿನವಳು ತಲೆ ಅಲ್ಲಾಡಿಸಿ, ನೀವು ಹೋಗಿ ಎಂದು ಬಸ್ಸಿನ ಕಡೆ ಕೈ ತೋರಿಸಿದಳು. ಬಸ್ಸಿನಾಕೆ ಬಾಗಿ ಅಪ್ಪನ ಕಡೆ ಕೈ ಬೀಸಿದಳು. ಅಪ್ಪ ಗಾಜು ಇಳಿಸಿ, ತಾವೂ ಕೈ ಹೊರಚಾಚಿ, ಮೊದಲು ನೀವೆಲ್ಲ ಹೋಗಿ ಎಂದು ಬೀಸಿದರು. ಹಿಂದಿನ ಕಾರುಗಳಿಂದಲೂ ಒಂದೊಂದೇ ಕೈ ಹೊರಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಕೈಗಳೆಲ್ಲ ಒಂದನ್ನೊಂದು ಮುಂದಕ್ಕೆ ಕರೆಯುತ್ತಾ ಬೀಸುತ್ತಲೇ ಇದ್ದವು. ಯಾರೂ ಹಾರನ್ ಹೊಡೆಯಲಿಲ್ಲ. ಯಾರೂ ಹೊರಡಲಿಲ್ಲ.